ಪರ್ಸಿಫನಿ ಆ ದಾಳಿಂಬೆ ಕಾಳನ್ನ ಇಷ್ಟಪಟ್ಟು ತಿಂದಳಾ, ಬಲವಂತಕ್ಕೆ ತಿಂದಳಾ?

ಸಂಧ್ಯಾದೀಪ · ಶನಿವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಮಗಳು ಒಂಬತ್ತನೇ ಕ್ಲಾಸು. ಫೋನಿನಲ್ಲಿ ಯಾವುದೋ ಚಿತ್ರಕಥೆ ಓದಿ ಗ್ರೀಕ್ ದೇವತೆಗಳ ಹುಚ್ಚು ಹತ್ತಿಸಿಕೊಂಡಿದ್ದಾಳೆ. ಅದರಲ್ಲಿ ಪಾತಾಳದ ದೊರೆ ಹೇಡೀಸ್ ಬಹಳ ಒಳ್ಳೆಯವನಂತೆ, ಮಾತು ಕಮ್ಮಿ, ಮನಸ್ಸು ಬೆಣ್ಣೆ. ಪರ್ಸಿಫನಿ ಅವನನ್ನ ಪ್ರೀತಿಸಿ, ತಾಯಿಯ ಕಾಟ ತಪ್ಪಿದರೆ ಸಾಕು ಅಂತ ತಾನಾಗೇ ದಾಳಿಂಬೆ ತಿಂದು ಅಲ್ಲೇ ಉಳಿದುಬಿಟ್ಟಳಂತೆ. ನನಗೆ ಕಾಲೇಜಲ್ಲಿ ಓದಿದ ನೆನಪು ಬೇರೆ: ಅವನು ಹೊತ್ತುಕೊಂಡು ಹೋದದ್ದು. ಹಾಗಂದಿದ್ದಕ್ಕೆ "ಅಮ್ಮಾ, ನಿಂದು ಹಳೇ ವರ್ಷನ್" ಅಂದಳು. ಸರಿ, ಎಲ್ಲಕ್ಕಿಂತ ಹಳೇದು ಯಾವುದು, ಅದರಲ್ಲಿ ಏನಿದೆ? ತಿಳಿದವರು ಹೇಳಿ. ತಾಯಿಯ ಕಡೆಗೆ ನನ್ನ ಪಕ್ಷಪಾತ ಇದೆ ಅಂತ ಮೊದಲೇ ಒಪ್ಪಿಕೊಂಡುಬಿಡ್ತೀನಿ.

ಖಾರದಪುಡಿ · ಶನಿವಾರ ರಾತ್ರಿ 10:05

ಇದರಲ್ಲಿ ಚರ್ಚೆಗೆ ಏನಿದೆ ಮೇಡಂ? ಗ್ರೀಕ್ ದೇವರುಗಳ "ಪ್ರೇಮಕಥೆ" ಅಂತ ಅಚ್ಚು ಹಾಕಿರೋ ಪಟ್ಟಿ ಒಮ್ಮೆ ನೋಡಿ. ಯೂರೋಪಾ: ಹೋರಿಯಾಗಿ ಬಂದು ಬೆನ್ನ ಮೇಲೆ ಕೂರಿಸಿಕೊಂಡು ಸಮುದ್ರ ದಾಟಿಸಿದ. ಲೀಡಾ: ಹಂಸವಾಗಿ ಬಂದ. ಡನಾಯಿ: ಅಪ್ಪ ಕೂಡಿಹಾಕಿದ್ದ ಕೋಣೆಗೆ ಚಿನ್ನದ ಮಳೆಯಾಗಿ ಇಳಿದ. ಆಲ್ಕ್‌ಮಿನಿ: ಯುದ್ಧಕ್ಕೆ ಹೋಗಿದ್ದ ಗಂಡನ ರೂಪದಲ್ಲೇ ಮನೆಗೆ ಬಂದ. ಅಹಲ್ಯೆಯ ಕಥೆ ಕೇಳಿ ಬೆಳೆದವರಿಗೆ ಈ ಕೊನೆಯದನ್ನ ಬಿಡಿಸಿ ಹೇಳಬೇಕಿಲ್ಲ. ಇಷ್ಟೂ ಒಬ್ಬನದೇ ಕೆಲಸ, ದೇವರುಗಳ ರಾಜ ಜ್ಯೂಸ್ ಮಹಾಶಯನದು. (ದಾಳಿಂಬೆ ಜ್ಯೂಸ್ ಅಲ್ಲ.)

ಅಪೋಲೋಗೆ ಕಸಾಂಡ್ರಾ ಒಲಿಯಲಿಲ್ಲ ಅಂತ ಅವಳು ನುಡಿಯೋ ಭವಿಷ್ಯವನ್ನ ಯಾರೂ ನಂಬದ ಹಾಗೆ ಮಾಡಿದ. ಡ್ಯಾಫ್ನಿ ಅವನಿಂದ ತಪ್ಪಿಸಿಕೊಂಡು ಓಡಿ ಓಡಿ ಮರವಾದಳು, ಆಮೇಲೂ ಬಿಡದೆ ಆ ಮರದ ಎಲೆ ಕಿತ್ತು ತಲೆಗೆ ಕಟ್ಟಿಕೊಂಡ. ಜ್ಯೂಸನ ಕಣ್ಣಿಗೆ ಬಿದ್ದ ಅಯೋ ಹಸುವಾದಳು, ಕಲಿಸ್ಟೋ ಕರಡಿಯಾದಳು. ಜ್ಯೂಸನಿಗೆ ಏನಾಯ್ತು? ಏನೂ ಇಲ್ಲ. ನಮ್ಮ ಇಂದ್ರನಿಗೆ ಶಾಪವಾದರೂ ತಟ್ಟಿತು.

ಹಳೆಹೊತ್ತಗೆ · ಶನಿವಾರ ರಾತ್ರಿ 11:20

ಸಂಧ್ಯಾದೀಪ ಅವರೇ, ಈ ಕಥೆಯನ್ನು ಪೂರ್ತಿಯಾಗಿ ಹೇಳುವ, ನಮಗೆ ಸಿಕ್ಕಿರುವ ಅತಿ ಹಳೆಯ ಪಠ್ಯ ಡಿಮೀಟರ್ ಸ್ತೋತ್ರ (ಡಿಮೀಟರ್ ಎಂದರೆ ಬೆಳೆಯ ದೇವಿ, ಪರ್ಸಿಫನಿಯ ತಾಯಿ). ಹೋಮರನ ಹೆಸರು ಅಂಟಿಕೊಂಡಿದೆ, ಅವನದಲ್ಲ. ಕ್ರಿ.ಪೂ. 7–6ನೇ ಶತಮಾನದ್ದು, 495 ಸಾಲು. ಮೇಷ್ಟ್ರ ಚಟ, ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಹುಡುಗಿ ಗೆಳತಿಯರ ಜೊತೆ ಹೂ ಕೊಯ್ಯುತ್ತಿದ್ದಾಳೆ. ಒಂದೇ ಬುಡಕ್ಕೆ ನೂರು ಹೂ ಬಿಟ್ಟ ನರ್ಗೀಸ್ ಗಿಡ ಕಾಣುತ್ತದೆ. ಅದು ಬಲೆ. ಜ್ಯೂಸನ ಇಷ್ಟದಂತೆ ಭೂಮಿಯೇ ಅವಳಿಗಾಗಿ ಬೆಳೆಸಿಟ್ಟದ್ದು. ಕೈ ಚಾಚಿದ್ದೇ ನೆಲ ಬಾಯಿ ಬಿಡುತ್ತದೆ, ಹೇಡೀಸನ ರಥ ಮೇಲೆ ಬರುತ್ತದೆ. ಅವಳು ಅಪ್ಪ ಜ್ಯೂಸನನ್ನು ಕೂಗುತ್ತಾಳೆ. ಕವಿ ಎಷ್ಟು ನಿರ್ದಯಿ ನೋಡಿ: ಕೊಟ್ಟವನೇ ಆ ಅಪ್ಪ. ತಾಯಿ ಡಿಮೀಟರ್ ಒಂಬತ್ತು ದಿನ ಎರಡು ಕೈಯಲ್ಲೂ ಪಂಜು ಹಿಡಿದು, ಅನ್ನ ಮುಟ್ಟದೆ, ಮೈಗೆ ನೀರು ಹಾಕಿಕೊಳ್ಳದೆ ಭೂಮಿಯನ್ನೆಲ್ಲ ಸುತ್ತುತ್ತಾಳೆ. ಕೊನೆಗೆ ನಿಜ ಹೇಳುವವನು ಸೂರ್ಯ. ಹೇಳಿ ಸುಮ್ಮನಿರುವುದಿಲ್ಲ, ಸಮಾಧಾನ ಬೇರೆ: ಅಳಿಯ ಏನೂ ಕಡಿಮೆಯವನಲ್ಲ, ನಿನ್ನ ಒಡಹುಟ್ಟಿದವನೇ, ಮೂರರಲ್ಲಿ ಒಂದು ಲೋಕದ ಒಡೆಯ.

ಡಿಮೀಟರ್ ಅಥೆನ್ಸ್ ಹತ್ತಿರದ ಎಲೂಸಿಸ್ ಊರಿಗೆ ಬಂದು ಕೂತು, ಒಂದು ಕಾಳೂ ಮೊಳೆಯದಂತೆ ಮಾಡುತ್ತಾಳೆ. ಮನುಷ್ಯರು ಸತ್ತರೆ ದೇವರಿಗೆ ನೈವೇದ್ಯ ಕೊಡುವವರು ಯಾರು? ಜ್ಯೂಸನಿಗೆ ಆಗ ಬುದ್ಧಿ ಬರುತ್ತದೆ. ದೇವದೂತ ಹರ್ಮಿಸ್ ಅವಳನ್ನು ಕರೆತರಲು ಕೆಳಗೆ ಹೋಗುತ್ತಾನೆ. "ಹೋಗು, ಆದರೆ ಇಲ್ಲಿ ನೀನೇ ಎಲ್ಲರಿಗೂ ಒಡತಿ" ಅನ್ನುತ್ತಾನೆ ಹೇಡೀಸ್. ಅವಳು ಸಂತೋಷದಿಂದ ಜಿಗಿದೇಳುತ್ತಾಳೆ. ಆಗ ಅವನು ಅತ್ತಿತ್ತ ನೋಡಿ ಗುಟ್ಟಾಗಿ ಒಂದು ದಾಳಿಂಬೆ ಕಾಳು ಕೊಡುತ್ತಾನೆ. ಪಾತಾಳದಲ್ಲಿ ಏನಾದರೂ ತಿಂದರೆ ಮತ್ತೆ ಅಲ್ಲಿಗೆ ಮರಳಲೇಬೇಕು, ಅದೇ ಕಾಳಿನ ಗುಟ್ಟು. ಜನ ಹೇಳುವಂತೆ ಆರಲ್ಲ, ಒಂದು. ಕವಿಯ ಮಾತು ಇಷ್ಟೇ: ಗುಟ್ಟಾಗಿ ಕೊಟ್ಟ.

ಸುಮಾರು ನಲವತ್ತು ಸಾಲು ದಾಟಿದ ಮೇಲೆ ಅದೇ ಘಟನೆಯನ್ನು ಹುಡುಗಿ ತಾಯಿಗೆ ಹೇಳುತ್ತಾಳೆ: ನನಗೆ ಬೇಡವಿದ್ದರೂ ಬಲವಂತದಿಂದ ತಿನ್ನಿಸಿದ.

ಗುಟ್ಟಾಗಿ ಕೊಡುವುದು ಬೇರೆ, ಬಲವಂತವಾಗಿ ತಿನ್ನಿಸುವುದು ಬೇರೆ. ನಿಮ್ಮ ಮನೆಯ ಜಗಳ ಆ ನಲವತ್ತು ಸಾಲಿನ ನಡುವೆ ಇದೆ. ರೋಮಿನ ಓವಿಡ್ ಕವಿ ಆರೇಳು ಶತಮಾನ ಆದಮೇಲೆ ಬರೆದ ಒಂದು ಕಾವ್ಯದಲ್ಲಿ ಹುಡುಗಿ ತೋಟದಲ್ಲಿ ಅಡ್ಡಾಡುತ್ತ ತಾನೇ ಹಣ್ಣು ಕಿತ್ತು ಏಳು ಕಾಳು ತಿನ್ನುತ್ತಾಳೆ. ಮಗಳ ಚಿತ್ರಕಥೆಗೆ ಅಜ್ಜನ ಅಜ್ಜ ಬಹುಶಃ ಅವನೇ. ಆದರೆ ಅವನಲ್ಲೂ ಅವಳು ಹೇಡೀಸನ ಮೇಲಿನ ಪ್ರೀತಿಗೆ ತಿನ್ನುವುದಿಲ್ಲ.

ಕೊಪ್ಪಳದಾವ · ಭಾನುವಾರ ಬೆಳಗ್ಗೆ 6:15

ನಂದು ನಾಕ ಎಕರೆ ದಾಳಿಂಬ್ರಿ ಐತ್ರಿ, ಅದಕ್ಕ ಶೀರ್ಷಿಕಿ ನೋಡಿ ಒಳಗ ಬಂದೆ. ಗ್ರೀಕ್ ಗಿಕ್ ಗೊತ್ತಿಲ್ಲ. ಒಂದ್ ಹಣ್ಣಾಗ ನೂರಾರು ಕಾಳು ಇರ್ತಾವು. ತಾನ ಒಡದು ಒಂದ ಕಾಳು ತಿಂದು ಬಿಟ್ಟ ಮನುಷ್ಯಾನ್ನ ನಾ ಇನ್ನೂ ನೋಡಿಲ್ಲ. ಒಂದ ಕಾಳು ಬಾಯಾಗ ಹೋಗೈತಿ ಅಂದ್ರ ಯಾರೋ ಇಟ್ಟಾರ. ಆಕಿನ ಒಡದು ತಿಂದಿದ್ರ ಕೈಯೆಲ್ಲಾ ಕೆಂಪಗಾಗತಿತ್ತು, ಅವರವ್ವ ಕೇಳೂದ ಬ್ಯಾಡಾಗಿತ್ತು.

ಇನ್ನೊಂದ್ ಡೌಟು. ಆಕಿ ಕೆಳಗ ಇದ್ದಾಗ ಹೊಲ ಬೀಳು, ಅದ ಚಳಿಗಾಲ ಅಂತ ಎಲ್ಲಾ ಕಡೆ ಬರೀತಾರ. ನಮ್ಮ ಕಡೆ ಚಳಿಗಾಲದಾಗ ಹಿಂಗಾರಿ ಜ್ವಾಳ ಎದಿಮಟ ನಿಂತಿರ್ತಾವು. ಗ್ರೀಸ್‌ನ್ಯಾಗ ಹೆಂಗ್ರಿ?

ಹಳೆಹೊತ್ತಗೆ · ಭಾನುವಾರ ಬೆಳಗ್ಗೆ 8:30

ಕೊಪ್ಪಳದವರೇ, ಕೈ ಕೆಂಪಾಗುವ ಮಾತನ್ನು ಯಾವ ಪಂಡಿತನೂ ಹೇಳಿದ್ದು ನಾನು ನೋಡಿಲ್ಲ, ಬರೆದಿಟ್ಟುಕೊಂಡೆ.

ನಿಮ್ಮ ಡೌಟು ಸರಿಯಾದದ್ದು. ಗ್ರೀಸಿನಲ್ಲಿ ಮಳೆ ಬೀಳುವುದೇ ಚಳಿಗಾಲದಲ್ಲಿ. ಜವೆ ಗೋಧಿ ಅಕ್ಟೋಬರ್–ನವೆಂಬರಿನಲ್ಲಿ ಬಿತ್ತಿ, ಮೇ ಹೊತ್ತಿಗೆ ಕೊಯ್ಯುತ್ತಾರೆ. ಒಣಗಿ ಬೀಳುವುದು ಬೇಸಿಗೆ. ಹಾಗಾಗಿ ಸ್ವೀಡನ್ನಿನ ನಿಲ್ಸನ್ ಎಂಬ ವಿದ್ವಾಂಸರು ಒಂದು ವಾದ ಹೂಡಿದರು: ಹುಡುಗಿ ಅಂದರೆ ಬಿತ್ತನೆಕಾಳು, ಕೊಯ್ಲಾದ ಮೇಲೆ ನಾಲ್ಕು ತಿಂಗಳು ಕಾಳನ್ನು ನೆಲದೊಳಗಿನ ಹಗೇವಿನಲ್ಲಿ ಮುಚ್ಚಿಡುತ್ತಿದ್ದರು, ಅದೇ ಪಾತಾಳವಾಸ. ಹಗೇವು ಎಂದರೆ ನಿಮಗೆ ಬಿಡಿಸಿ ಹೇಳಬೇಕಿಲ್ಲ. ವಾದ ಚೆಂದ. ಆದರೆ ಸ್ತೋತ್ರ ಮಾತ್ರ ಅವಳು ವಸಂತದ ಹೂವಿನ ಜೊತೆ ಮೇಲೆ ಬರುತ್ತಾಳೆ ಅನ್ನುತ್ತದೆ, ವರ್ಷದ ಮೂರರಲ್ಲೊಂದು ಪಾಲು ಕೆಳಗೆ, ಉಳಿದದ್ದು ಮೇಲೆ. ಪೂರ್ತಿ ಕೂಡಿಬರುವುದಿಲ್ಲ.

ಮಲೆನಾಡ ಜಿಗಣೆ · ಭಾನುವಾರ ಬೆಳಗ್ಗೆ 9:10

ಒಂದು ನಿಮಿಷ ತಡೀರಿ. ಡಿಮೀಟರ್, ಹೇಡೀಸ್ ಒಡಹುಟ್ಟಿದವರು ಅಂದ್ರಲ್ಲ. ಹಾಗಾದ್ರೆ ಹೇಡೀಸ್ ಸೋದರಮಾವ! ನಮ್ಮಜ್ಜಿಗೆ ಈ ಕಥೆ ಹೇಳಿದ್ರೆ "ಮಾವನಿಗೇ ಕೊಟ್ಟದ್ದಲ್ದಾ, ಹುಡುಗಿ ಹೊರಗೇನೂ ಹೋಗ್ಲಿಲ್ವಲ್ಲ, ಅವಳಮ್ಮ ಯಾಕೆ ಅಷ್ಟು ರಂಪ ಮಾಡಿದ್ಳು" ಅಂತಿದ್ರು.

ಹಳೆಹೊತ್ತಗೆ · ಭಾನುವಾರ ಬೆಳಗ್ಗೆ 10:00

ಸೂರ್ಯ ಹೇಳಿದ್ದೂ ಅಜ್ಜಿಯ ಮಾತನ್ನೇ! (ಜ್ಯೂಸನೂ ಅವರ ಒಡಹುಟ್ಟಿದವನೇ. ಅಪ್ಪನೂ ಮಾವನೇ ಆಗಿಬಿಡುತ್ತಾನೆ. ದೇವರ ನಂಟು ಎಣಿಸಲು ಹೋಗಬೇಡಿ.)

ಒಂದು ವ್ಯತ್ಯಾಸ ಮಾತ್ರ ಗಮನಿಸಿ. ನಮ್ಮಲ್ಲಿ ಸೋದರಮಾವನಿಗೆ ಕೊಡುವಾಗ ಮುಂದೆ ನಿಂತು ಹಟ ಹಿಡಿಯುವವಳು ಹೆಚ್ಚಾಗಿ ತಾಯಿಯೇ, ನನ್ನ ತಮ್ಮನಿಗೇ ಆಗಬೇಕು ಎಂದು. ಅಲ್ಲಿ ತಾಯಿಗೆ ಸುದ್ದಿಯೇ ಇಲ್ಲ. ಅಥೆನ್ಸಿನ ಮದುವೆಯೂ ಹಾಗೇ ಇತ್ತು. ನಿಶ್ಚಯ ಎಂಬುದು ಹುಡುಗಿಯ ಅಪ್ಪ ಮತ್ತು ಗಂಡಿನ ನಡುವಿನ ಮಾತು. ಹುಡುಗಿ ಅಲ್ಲಿ ಇರಬೇಕೆಂದೇ ಇಲ್ಲ. ಅಪ್ಪ ಹೇಳುತ್ತಿದ್ದ ಮಾತು ಹಳೆಯ ನಾಟಕಗಳಲ್ಲಿ ಉಳಿದಿದೆ: ಸಕ್ರಮ ಮಕ್ಕಳ ಉಳುಮೆಗಾಗಿ ಇವಳನ್ನು ನಿನಗೆ ಕೊಡುತ್ತೇನೆ. ಹೌದು, ಉಳುಮೆ. ಹೆಣ್ಣು ಕ್ಷೇತ್ರ, ಗಂಡು ಬೀಜ ಎಂದ ನಮ್ಮ ಧರ್ಮಶಾಸ್ತ್ರಗಳಿಗೂ ಇದು ದೂರವಲ್ಲ. ಹುಡುಗಿಗೆ ಹದಿನಾಲ್ಕೋ ಹದಿನೈದೋ, ಗಂಡಿಗೆ ಮೂವತ್ತರ ಹತ್ತಿರ. ರಾತ್ರಿ ಬಂಡಿಯಲ್ಲಿ ಕೂರಿಸಿಕೊಂಡು ಹೋಗುವರು, ಹೆಣ್ಣಿನ ತಾಯಿ ಪಂಜು ಹಿಡಿದು ಹಿಂದೆ ನಡೆಯುವಳು.

ಈಗ ಸ್ತೋತ್ರದ ಆರಂಭವನ್ನು ಮತ್ತೊಮ್ಮೆ ನೆನಪಿಸಿಕೊಳ್ಳಿ. ಅಪ್ಪನ ಒಪ್ಪಿಗೆ, ರಥ, ತಾಯಿಯ ಕೈಯಲ್ಲಿ ಪಂಜು. ಮದುವೆಯ ಸಾಮಾನೆಲ್ಲ ಇದೆ, ಆದರೆ ಹುಡುಗಿಯ ಕಡೆ ನಿಂತು ನೋಡಿದ ಮದುವೆ. ಅದಕ್ಕೇ ಅದು ಅಪಹರಣದ ಹಾಗೆ ಕಾಣುತ್ತದೆ.

ಖಾರದಪುಡಿ · ಭಾನುವಾರ ಬೆಳಗ್ಗೆ 10:25

"ಹಾಗೆ ಕಾಣುತ್ತದೆ" ಅಲ್ಲ ಮೇಷ್ಟ್ರೇ. ಅಪಹರಣವೇ.

ಸಂಧ್ಯಾದೀಪ · ಭಾನುವಾರ ಬೆಳಗ್ಗೆ 11:00

ಹದಿನಾಲ್ಕು ಅಂದಿರಲ್ಲ, ಅಲ್ಲೇ ನಿಂತೆ. ಪಕ್ಕದ ರೂಮಿನಲ್ಲಿ ಕೂತಿರೋಳಿಗೂ ಅಷ್ಟೇ ವಯಸ್ಸು.

ದೂರದೂರು · ಭಾನುವಾರ ಮಧ್ಯಾಹ್ನ 2:45

ಯೂರೋಪಿನಲ್ಲಿ ಕೆಲಸ, ಹೋದ ವರ್ಷ ರಜೆಗೆ ಅಥೆನ್ಸಿಗೆ ಹೋಗಿದ್ದೆ. ಅಲ್ಲಿಯ ರಾಷ್ಟ್ರೀಯ ಪುರಾತತ್ವ ಮ್ಯೂಸಿಯಮ್ಮಿನಲ್ಲಿ ಫ್ರಾಸಿಕ್ಲಿಯಾ ಅಂತ ಒಂದು ಹುಡುಗಿಯ ವಿಗ್ರಹ ಇದೆ. ಆಳೆತ್ತರ, ಅಮೃತಶಿಲೆ, ತಲೆಗೆ ಹೂಮೊಗ್ಗಿನ ಕಿರೀಟ, ಎದೆಯ ಹತ್ತಿರ ಹಿಡಿದ ಕೈಯಲ್ಲಿ ಇನ್ನೊಂದು ಮೊಗ್ಗು, ಅರಳಿಲ್ಲದ್ದು. ಲಂಗದ ಮೇಲೆ ಕೆಂಪು ಬಣ್ಣದ ಗುರುತು ಇನ್ನೂ ಇದೆ. ಕ್ರಿ.ಪೂ. 550–540ರ ಸುಮಾರಿನದು. 1972ರಲ್ಲಿ ಅಥೆನ್ಸಿನ ಹೊರಗಿನ ಮೆರೆಂಡಾದಲ್ಲಿ ಒಂದು ಗುಂಡಿಯೊಳಗೆ ಸಿಕ್ಕಿತು, ಪಕ್ಕದಲ್ಲಿ ಒಬ್ಬ ಯುವಕನ ವಿಗ್ರಹವನ್ನೂ ಮಲಗಿಸಿದ್ದರಂತೆ. ವಿಗ್ರಹದ ಪೀಠ ಮಾತ್ರ ಅದಕ್ಕಿಂತ ಎಷ್ಟೋ ಮೊದಲೇ ಸಿಕ್ಕಿತ್ತು, ಅದೇ ಊರಿನ ಒಂದು ಚರ್ಚಿನಲ್ಲಿ ಕಟ್ಟಡದ ಕಲ್ಲಾಗಿ ಸೇರಿಹೋಗಿತ್ತು.

ಆ ಪೀಠದ ಮೇಲೆ ಹುಡುಗಿಯೇ ಮಾತಾಡ್ತಾಳೆ. ನನಗೆ ತಿಳಿದಂತೆ ಕನ್ನಡಕ್ಕೆ ತರೋದಾದ್ರೆ: ಇದು ಫ್ರಾಸಿಕ್ಲಿಯಾಳ ಗುರುತು. ಎಂದೆಂದಿಗೂ ನನ್ನನ್ನು ಹುಡುಗಿ ಎಂದೇ ಕರೆಯುವರು. ದೇವರು ಮದುವೆಯ ಬದಲಿಗೆ ನನಗೆ ಕೊಟ್ಟದ್ದು ಈ ಹೆಸರು.

"ಹುಡುಗಿ" ಅನ್ನೋದಕ್ಕೆ ಅಲ್ಲಿರೋ ಪದ ಕೋರೆ. ಕೋರೆಹಲ್ಲಿನ ಕೋರೆ ಅಲ್ಲ. ಪರ್ಸಿಫನಿಯ ಇನ್ನೊಂದು ಹೆಸರೂ ಅದೇ. ಮದುವೆಗೆ ಮುಂಚೆ ಸತ್ತ ಹುಡುಗಿಯನ್ನ ಹೇಡೀಸನ ಮದುಮಗಳು ಅಂತಿದ್ದರು, ಮದುವಣಗಿತ್ತಿಯ ಸ್ನಾನಕ್ಕೆ ನೀರು ತರೋ ಉದ್ದ ಕತ್ತಿನ ಹೂಜಿಯನ್ನ ಅವರ ಗೋರಿ ಮೇಲೆ ಇಡ್ತಿದ್ದರು. ನಾನು ಅಲ್ಲಿ ಬಹಳ ಹೊತ್ತು ನಿಂತಿದ್ದೆ. ಪ್ರೇಮ ಗೀಮ ಏನೂ ನೆನಪಾಗಲಿಲ್ಲ.

ಮಲೆನಾಡ ಜಿಗಣೆ · ಭಾನುವಾರ ಮಧ್ಯಾಹ್ನ 3:30

ನನ್ನ ತಮಾಷೆ ಸ್ವಲ್ಪ ಹಗುರ ಆಯ್ತು ಅನ್ನಿಸ್ತಿದೆ ಈಗ. ಇರ್ಲಿ. ಇಷ್ಟೆಲ್ಲ ಕಟ್ಟುಪಾಡಿನ ನಡುವೆ ಆ ಹೆಂಗಸರು ನಗ್ತಾನೇ ಇರ್ಲಿಲ್ವಾ?

ಹಳೆಹೊತ್ತಗೆ · ಭಾನುವಾರ ಸಂಜೆ 5:15

ನಗುತ್ತಿದ್ದರು, ಅದೂ ಇದೇ ಡಿಮೀಟರ್ ಹೆಸರಿನಲ್ಲಿ. ಮಗಳನ್ನು ಕಳೆದುಕೊಂಡು ಮಾತು ಬಿಟ್ಟು ಕೂತಿದ್ದ ದೇವಿಯನ್ನು ನಗಿಸಿದವಳು ಇಯಾಂಬಿ ಎಂಬ ಕೆಲಸದಾಕೆ, ಲೇವಡಿ ಮಾಡಿ ಮಾಡಿ. ನಕ್ಕ ಮೇಲೆಯೇ ದೇವಿ ಜವೆಹಿಟ್ಟು, ಪುದೀನ ಜಾತಿಯ ಸೊಪ್ಪು ಕದಡಿದ ನೀರು ಕುಡಿದದ್ದು. ಆ ನೆನಪಿಗೆ ಅಥೆನ್ಸಿನ ಗೃಹಿಣಿಯರು ಶರತ್ಕಾಲದಲ್ಲಿ, ಬಿತ್ತನೆಗೆ ಮುಂಚೆ, ಮೂರು ದಿನ ಥೆಸ್ಮೊಫೋರಿಯಾ ಎಂಬ ಹಬ್ಬ ಮಾಡುತ್ತಿದ್ದರು. ಗಂಡಸರಿಗೆ ಪ್ರವೇಶವಿಲ್ಲ. ಎರಡನೇ ದಿನ ನೆಲದ ಮೇಲೆ ಕೂತು ಉಪವಾಸ. ಪರಸ್ಪರ ಪೋಲಿ ಮಾತು ಆಡಲೇಬೇಕು, ಅದು ಆಚರಣೆಯ ಭಾಗ. ಹಂದಿಮರಿಗಳನ್ನು ಬಲಿ ಕೊಟ್ಟು ಆಳವಾದ ಕುಳಿಗೆ ಹಾಕಿರುತ್ತಿದ್ದರು. ಕೊಳೆತು ಉಳಿದದ್ದನ್ನು ಕೆಲವು ಹೆಂಗಸರು ಇಳಿದು ಎತ್ತಿ ತಂದು ಪೀಠದ ಮೇಲೆ ಇಡುವರು. ಅದನ್ನು ಬಿತ್ತನೆಕಾಳಿಗೆ ಬೆರೆಸಿದರೆ ಬೆಳೆ ಚೆನ್ನಾಗಿ ಬರುತ್ತದೆಂದು ನಂಬಿಕೆ. ವರ್ಷವಿಡೀ ಮನೆಯೊಳಗಿರಬೇಕಾದ ಹೆಂಗಸರು ಮೂರು ದಿನ ಮನೆಬಿಟ್ಟು, ಊರಿನ ಅನ್ನ ತಮ್ಮ ಕೈಯಲ್ಲಿದೆ ಎಂದು ತೋರಿಸಿ ಬರುತ್ತಿದ್ದರು.

ಕೊಪ್ಪಳದಾವ · ಭಾನುವಾರ ಸಂಜೆ 6:00

ನಮ್ಮಲ್ಲಿ ಸೀಗಿ ಹುಣ್ಣಿಮಿಗೆ ಭೂಮಿತಾಯಿ ಬಸರಿ ಅಂತ ಹೊಲದಾಗ ಚರಗ ಚೆಲ್ತೀವ್ರಿ, ಅದೂ ಅದ ಹೊತ್ತಿಗೆ ಬರ್ತೈತಿ. ಸಂಬಂಧ ಐತಿ ಅನ್ನಾಕತ್ತಿಲ್ಲ. ಹಂದಿ ಗೊಬ್ಬರ ಮಾತ್ರ ಛಲೋ ಐಡಿಯಾ.

ಕಡಲ್ಕರೆ · ಭಾನುವಾರ ರಾತ್ರಿ 8:20

ಸಂಬಂಧ ಅಂದ್ರಲ್ಲ, ನಿಜವಾದ ಸಂಬಂಧ ಒಂದು ಉಂಟು, ಹೇಳದೆ ಇರ್ಲಿಕ್ಕೆ ಆಗುದಿಲ್ಲ. ಈಜಿಪ್ಟಿನ ಆಕ್ಸಿರಿಂಕಸ್‌ನ ಕಸದ ದಿಬ್ಬದಲ್ಲಿ ಸಿಕ್ಕಿದ ಒಂದು ಪಪೈರಸ್, ಸುಮಾರು ಕ್ರಿ.ಶ. 2ನೇ ಶತಮಾನದ್ದು, 1903ರಲ್ಲಿ ಅಚ್ಚಾಯ್ತು. ಅದರಲ್ಲಿ ಒಂದು ಗ್ರೀಕ್ ಪ್ರಹಸನ. ಕಥಾನಾಯಕಿ ಖಾರಿಟಿಯಾನ್ ಅನ್ನುವ ಗ್ರೀಕ್ ಹುಡುಗಿ, ಭಾರತದ ಕಡಲತೀರದ ಚಂದ್ರದೇವಿಯ ಗುಡಿಯಲ್ಲಿ ಸೆರೆ. ಬಿಡಿಸ್ಲಿಕ್ಕೆ ಅಣ್ಣ ಬರ್ತಾನೆ. ಇಲ್ಲಿಯ ರಾಜನಿಗೆ, ಪರಿವಾರಕ್ಕೆ ನೀರು ಬೆರೆಸದ ದ್ರಾಕ್ಷಾರಸ ಕುಡಿಸಿ ಕೆಡವುದು ಅವರ ಉಪಾಯ. ಆ "ಭಾರತೀಯರು" ಆಡುವ ಮಾತು ಗ್ರೀಕ್ ಅಲ್ಲ. 1904ರಲ್ಲಿ ಹುಲ್ಟ್ಸ್ ಅನ್ನುವ ಜರ್ಮನ್ ವಿದ್ವಾಂಸರು ಇದು ಕನ್ನಡ ಅಂದ್ರು, ಆಮೇಲೆ ಶಾಮಾಶಾಸ್ತ್ರಿಗಳೂ ಗೋವಿಂದ ಪೈಗಳೂ ಅದರ ಮೇಲೆ ಬರೆದ್ರು. "ಕೊಂಚ ಮಧು ಪಾತ್ರಕ್ಕೆ ಹಾಕಿ" ಅಂತ ಓದಿದ ಸಾಲು ಪ್ರಸಿದ್ಧ. ತುಳು ಅಂದವರೂ ಉಂಟು, ಬರೀ ಅರ್ಥವಿಲ್ಲದ ಗಲಾಟೆ ಅಂದವರೂ ಉಂಟು.

ನಾನು ಹೇಳ್ಲಿಕ್ಕೆ ಹೊರಟದ್ದು ಭಾಷೆ ಅಲ್ಲ. ಓಡಿಹೋಗುವ ಹೊತ್ತಿಗೆ ವಿದೂಷಕ ದೇವಿಯ ಕಾಣಿಕೆಗಳನ್ನೂ ಕದ್ದುಕೊಂಡು ಹೋಗುವ ಅಂತಾನೆ. ಬೇಡ ಅನ್ನುವವಳು ಆ ಹುಡುಗಿ. ತನ್ನನ್ನು ಸೆರೆ ಇಟ್ಟ ಗುಡಿಯ ದೇವಿಗೂ ಅವಳು ಮರ್ಯಾದೆ ಬಿಡುದಿಲ್ಲ. (ವಿದೂಷಕನ ಹೂಸಿಗೆ ಶತ್ರುಗಳು ಹಿಮ್ಮೆಟ್ಟುವ ದೃಶ್ಯವೂ ಅದೇ ನಾಟಕದಲ್ಲಿ ಉಂಟು.)

ನಿರ್ವಾಹಕ · ಭಾನುವಾರ ರಾತ್ರಿ 8:45

ಹೂಸಿನವರೆಗೂ ಬಂತು. ವಿಷಯಕ್ಕೆ ವಾಪಸ್ ಬನ್ನಿ. ಕನ್ನಡವೋ ತುಳುವೋ ಎಂಬ ಜಗಳಕ್ಕೆ ಬೇರೆ ಎಳೆ ಇದೆ, ಇಲ್ಲಿ ಬೇಡ.

ಹಳೆಹೊತ್ತಗೆ · ಭಾನುವಾರ ರಾತ್ರಿ 9:30

ಮಗಳ ಪರವಾಗಿಯೂ ಒಬ್ಬರು ಮಾತಾಡಬೇಕು. ದಕ್ಷಿಣ ಇಟಲಿಯ ಲೋಕ್ರಿ ಎಂಬ ಗ್ರೀಕ್ ಊರಿನಲ್ಲಿ ಪರ್ಸಿಫನಿಯ ದೊಡ್ಡ ಗುಡಿ ಇತ್ತು. ಅಲ್ಲಿ ಹರಕೆಗೆ ಒಪ್ಪಿಸಿದ ಸುಟ್ಟ ಮಣ್ಣಿನ ಚಿಕ್ಕ ಫಲಕಗಳು ರಾಶಿರಾಶಿಯಾಗಿ ಸಿಕ್ಕಿವೆ, ಕ್ರಿ.ಪೂ. 5ನೇ ಶತಮಾನದ ಮೊದಲ ಅರ್ಧದವು. ಕೆಲವದರಲ್ಲಿ ಹುಡುಗಿಯನ್ನು ರಥಕ್ಕೆ ಹೊತ್ತು ಹಾಕುವ ಚಿತ್ರ. ಆದರೆ ಇನ್ನು ಕೆಲವು ಫಲಕಗಳಲ್ಲಿ ಅವಳು ಹೇಡೀಸನ ಪಕ್ಕ ಸಿಂಹಾಸನದಲ್ಲಿ ಕೂತಿದ್ದಾಳೆ, ಉಳಿದ ದೇವತೆಗಳು ಉಡುಗೊರೆ ಹಿಡಿದು ಬರುತ್ತಿದ್ದಾರೆ. ಆ ಊರಿನ ಮದುವಣಗಿತ್ತಿಯರು ಬೇಡಿಕೊಳ್ಳುತ್ತಿದ್ದದ್ದು ಅವಳನ್ನೇ. ಒಬ್ಬಳೇ ಹುಡುಗಿ ಅಥೆನ್ಸಿನಲ್ಲಿ ಕಳೆದುಹೋದ ಮಗಳು, ಲೋಕ್ರಿಯಲ್ಲಿ ಮನೆಯೊಡತಿ.

ಖಾರದಪುಡಿ · ಭಾನುವಾರ ರಾತ್ರಿ 9:50

ಹೋಗಲೇಬೇಕಾದ ಮನೆಯಲ್ಲಿ ಸಿಂಹಾಸನ ಇದ್ದರೆ ಸಾಕಪ್ಪ ಅಂತ ಬೇಡಿಕೊಂಡಿರ್ತಾರೆ. ನಾನೂ ಬೇಡಿಕೊಳ್ತಿದ್ದೆ. ಅದನ್ನ ಪ್ರೀತಿ ಅಂತ ಕರೀಬೇಡಿ ಅಷ್ಟೆ.

ಮತ್ತೆ, ಗ್ರೀಸ್ ಅಂದ್ರೆ ಬರೀ ಅಥೆನ್ಸ್ ಅಲ್ಲ. ಕ್ರೀಟ್ ದ್ವೀಪದ ಗೋರ್ಟಿನ್‌ನಲ್ಲಿ ಕ್ರಿ.ಪೂ. 5ನೇ ಶತಮಾನದ ಕಾನೂನನ್ನ ಗೋಡೆ ಮೇಲೆ ಕೆತ್ತಿದ್ದಾರೆ. ಅಲ್ಲಿ ಗಂಡ ಬಿಟ್ಟರೆ ಹೆಂಡತಿ ತಾನು ತಂದದ್ದನ್ನೂ, ತಾನು ನೇಯ್ದ ಬಟ್ಟೆಯಲ್ಲಿ ಅರ್ಧವನ್ನೂ ಕಟ್ಟಿಕೊಂಡು ಹೋಗಬಹುದಿತ್ತು. ನೇಯ್ದದ್ದರಲ್ಲಿ ಅರ್ಧ! ಲೆಕ್ಕ ಇಟ್ಟವನಿಗೆ ಒಂದು ನಮಸ್ಕಾರ. ಪ್ರೀತಿಯ ಬಗ್ಗೆ ಹೆಂಗಸಿನ ಬಾಯಲ್ಲೇ ಕೇಳಬೇಕು ಅಂದ್ರೆ ಲೆಸ್ಬೊಸ್ ದ್ವೀಪದ ಕವಯಿತ್ರಿ ಸ್ಯಾಫೊ ಇದ್ದಾಳೆ. ಕಾಮಕ್ಕೆ ಅವಳು ಇಟ್ಟ ಹೆಸರು "ಸಿಹಿಕಹಿ". ನಾವು ಬೇವುಬೆಲ್ಲ ಅಂತ ಕಹಿಯನ್ನ ಮುಂದೆ ಇಡ್ತೀವಿ, ಅವಳು ಸಿಹಿಯನ್ನ ಮುಂದೆ ಇಟ್ಟಳು. ಕಹಿ ಆಮೇಲೆ ಬರುತ್ತೆ ಅಂತ ಗೊತ್ತಿದ್ದವಳು.

ಹಳೆಹೊತ್ತಗೆ · ಭಾನುವಾರ ರಾತ್ರಿ 10:30

ಒಪ್ಪಿದೆ. ಇನ್ನೊಂದು ಸಂಗತಿ ಹೇಳಿ ಮಲಗುತ್ತೇನೆ. ಈ ಸ್ತೋತ್ರ ಉಳಿದದ್ದೇ ಒಂದೇ ಒಂದು ಹಸ್ತಪ್ರತಿಯಲ್ಲಿ. 1777ರಲ್ಲಿ ಮಾಸ್ಕೋದಲ್ಲಿ ಮ್ಯಾಥೇಯಿ ಎಂಬ ಜರ್ಮನ್ ಪಂಡಿತರಿಗೆ ಸಿಕ್ಕಿತು, ಅಲ್ಲಿಯವರೆಗೆ ಕೋಳಿ ಹಂದಿಗಳ ನಡುವೆ ಬಿದ್ದಿತ್ತಂತೆ. (ಡಿಮೀಟರಿಗೂ ಹಂದಿಗೂ ಬಿಡಿಸಲಾರದ ನಂಟು.) ಈಗ ಹಾಲೆಂಡಿನ ಲೈಡನ್ನಿನಲ್ಲಿದೆ. ಅದರಲ್ಲಿ ಒಂದು ಹಾಳೆ ಹರಿದಿದೆ. ಹರಿದದ್ದು ಎಲ್ಲಿ ಗೊತ್ತೇ? ಮಗಳು ರಥದಿಂದ ಜಿಗಿದು ಓಡಿ ಬಂದು ತಾಯಿಯ ಕುತ್ತಿಗೆಗೆ ಬಿದ್ದ ಜಾಗದಲ್ಲಿ. ಅಪ್ಪಿಕೊಂಡಿರುವಾಗಲೇ ತಾಯಿಗೆ ಏನೋ ಅನುಮಾನ ಬಂದು ಕೇಳುತ್ತಾಳೆ: ಮಗೂ, ಕೆಳಗೆ ಏನಾದರೂ ತಿಂದೆಯಾ? ಆ ಸಾಲುಗಳಲ್ಲಿ ಅರ್ಧರ್ಧ ಪದ ಮಾತ್ರ ಉಳಿದಿದೆ, ಮಿಕ್ಕದ್ದನ್ನು ವಿದ್ವಾಂಸರು ಊಹಿಸಿ ತುಂಬಿದ್ದಾರೆ.

ಮಲೆನಾಡ ಜಿಗಣೆ · ಭಾನುವಾರ ರಾತ್ರಿ 10:40

ಗಂಡನ ಮನೆಯಿಂದ ಬಂದ ಮಗಳಿಗೆ ಎಲ್ಲ ಅಮ್ಮಂದಿರೂ ಕೇಳೋ ಮೊದಲ ಪ್ರಶ್ನೆ ಅದೇ ಅಲ್ದಾ. ಇಲ್ಲಿ "ಹೂಂ" ಅಂದ್ರೆ ಎಡವಟ್ಟು.

ಸಂಧ್ಯಾದೀಪ · ಸೋಮವಾರ ರಾತ್ರಿ 9:15

ಎಲ್ಲರಿಗೂ ಧನ್ಯವಾದ. ಪೂರ್ತಿ ಚರ್ಚೆಯನ್ನ ಮಗಳಿಗೆ ಓದಿ ಹೇಳಿದೆ. ದಾಳಿಂಬೆ ತೋಟದವರ ಮಾತಿಗೆ ಜೋರಾಗಿ ನಕ್ಕಳು, ವಿಗ್ರಹದ ಹುಡುಗಿಯ ಫೋಟೋ ಹುಡುಕಿ ನೋಡಿದಳು. ಚಿತ್ರಕಥೆ ಬಿಟ್ಟಿಲ್ಲ, ಬಿಡು ಅಂತ ನಾನೂ ಹೇಳಲಿಲ್ಲ. ಆಮೇಲೆ ಹೀಗಂದಳು, ಅವಳ ಮಾತಲ್ಲೇ ಬರೀತೀನಿ: "ಅಮ್ಮಾ, ಆ ನಲವತ್ತು ಸಾಲಿನ ಜಗಳ ಬಿಡು. ಅವಳು ಅಮ್ಮನಿಗೆ ಏನು ಹೇಳಿದಳು ಅನ್ನೋದು ಮಾತ್ರ ಬರೆದಿದ್ದಾರೆ. ಹೇಡೀಸ್ ಹತ್ರ ಏನಂದಳು?"

ಮೇಷ್ಟ್ರೇ, ಇದೆಯಾ ಅದು?

ಹಳೆಹೊತ್ತಗೆ · ಸೋಮವಾರ ರಾತ್ರಿ 9:50

ಇಲ್ಲ. ಈಗ ಮತ್ತೆ ಮೊದಲಿನಿಂದ ತಿರುವಿ ನೋಡಿದೆ. ಆ ಕಾವ್ಯದಲ್ಲಿ ಅವಳು ಹೇಡೀಸನ ಜೊತೆ ಒಂದು ಮಾತೂ ಆಡುವುದಿಲ್ಲ. ಅಪ್ಪನನ್ನು ಕರೆದು ಒಂದು ಕೂಗು, ಆಮೇಲೆ ತಾಯಿಯ ಹತ್ತಿರ ಒಂದು ದೀರ್ಘ ಮಾತು, ಅಷ್ಟೇ. ಎಷ್ಟೋ ವರ್ಷ ಪಾಠ ಮಾಡಿದ್ದೇನೆ, ಇದನ್ನು ಗಮನಿಸಿರಲಿಲ್ಲ.

ಖಾರದಪುಡಿ · ಸೋಮವಾರ ರಾತ್ರಿ 9:55

ಈ ಹುಡುಗೀನ ಮೆಂಬರ್ ಮಾಡ್ರಪ್ಪ.

ನಿರ್ವಾಹಕ · ಸೋಮವಾರ ರಾತ್ರಿ 10:00

18 ತುಂಬಲಿ.

ಸಂಧ್ಯಾದೀಪ · ಸೋಮವಾರ ರಾತ್ರಿ 10:20

ಈಗ ಊಟಕ್ಕೆ ಕರೆದೆ. "ಆಗಲೇ ತಿಂದೆ" ಅಂದಳು. ಏನು ತಿಂದೆ ಅಂತ ಕೇಳೋಕೆ ಹೋಗಲಿಲ್ಲ.